ಅಂಗಡಿ ಗೋಡೆಗೆ ಐವಿ ಬಳ್ಳಿ ಹಬ್ಬಿಸ್ತೀರಾ? ನೆಡೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮಡಿಕೇರಿ: ವರ್ಷದ ಆರಂಭದಲ್ಲಿ ರಾಜಾಸೀಟ್‌ನಲ್ಲಿ ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ ಊರಿನ ಸ್ಕೂಟರ್‌ಗಳ ಮುಂದೆ ಗಿಡದ ಕುಂಡಗಳ ಸವಾರಿ ಶುರುವಾಗುತ್ತೆ. ಅದರಲ್ಲಿ ಈಗ ಜಾಸ್ತಿ ಕಣ್ಣಿಗೆ ಬೀಳೋದು ಬೂದು ಹಸಿರು ಎಲೆ, ಅಂಚಿಗೆ ಹಾಲು ಬಿಳಿ ಬಣ್ಣ, ನಕ್ಷತ್ರದ ಹಾಗೆ ಮೂಲೆ ಮೂಲೆ ಇರೋ ಒಂದು ಇಳಿಬೀಳುವ ಬಳ್ಳಿ. ನರ್ಸರಿಯವರು 'ವೆರಿಗೇಟೆಡ್ ಐವಿ' ಅಂತಾರೆ. ಹೋಂಸ್ಟೇ ಜಗಲಿ, ಬೇಕರಿ ಬಾಗಿಲು, ಮೊಬೈಲ್ ಅಂಗಡಿಯ ಗಾಜಿನ ಪಕ್ಕ ಎಲ್ಲಾ ಕಡೆ ತೂಗು ಹಾಕಿರ್ತಾರೆ.

ತೂಗು ಕುಂಡದಲ್ಲಿ ಇರೋವರೆಗೂ ತೊಂದರೆ ಏನಿಲ್ಲ. ಆದರೆ ಇಂಟರ್‌ನೆಟ್‌ನಲ್ಲಿ ಇಂಗ್ಲೆಂಡಿನ ಹಳೇ ಬಂಗಲೆಗಳ ಫೋಟೋ ನೋಡಿದವರಿಗೆ, ನಮ್ಮ ಗೋಡೆಗೂ ಹಾಗೇ ಹಸಿರು ಹೊದಿಸಿದ್ರೆ ಹೇಗೆ ಅನ್ನೋ ಆಸೆ ಹುಟ್ಟುತ್ತೆ. ಮನೆ ಹಿಂದಿನ ಬರೆಗೆ ಇದನ್ನೇ ಹಬ್ಬಿಸಿದ್ರೆ ಮಣ್ಣು ಕುಸಿಯಲ್ಲ ಅನ್ನೋ ಮಾತೂ ಕೇಳಿ ಬರ್ತಿದೆ. ಮೊದಲನೇ ಆಸೆ ಸ್ವಲ್ಪ ಯೋಚನೆ ಮಾಡಿದ್ರೆ ಈಡೇರುತ್ತೆ. ಎರಡನೇದು ಅಪಾಯದ ಮಾತು. ಎರಡನ್ನೂ ಬಿಡಿಸಿ ನೋಡೋಣ.

ಹೆಸರಿನ ಗೊಂದಲ

ಐವಿ ಅನ್ನೋ ಹೆಸರಲ್ಲಿ ಅಂಗಡಿಯಲ್ಲಿ ಏನೇನೋ ಸಿಗುತ್ತೆ. ಇಂಗ್ಲಿಷ್‌ನಲ್ಲಿ ನಮ್ಮ ತೊಂಡೆಕಾಯಿಗೂ 'ಐವಿ ಗೋರ್ಡ್' ಅಂತ ಹೆಸರು. ಮನಿಪ್ಲಾಂಟಿಗೆ 'ಡೆವಿಲ್ಸ್ ಐವಿ' ಅಂತಾರೆ. ಅಮೆರಿಕದಲ್ಲಿ ಮೈಗೆ ತಾಗಿದ್ರೆ ಗುಳ್ಳೆ ಏಳೋ 'ಪಾಯ್ಸನ್ ಐವಿ' ಇನ್ನೊಂದು, ಅದು ಮಾವು, ಗೇರಿನ ಕುಟುಂಬದ್ದು. ಇವು ಯಾವುದಕ್ಕೂ ಈ ಬಳ್ಳಿಗೂ ಸಂಬಂಧ ಇಲ್ಲ.

ಇಲ್ಲಿ ಹೇಳ್ತಿರೋದು ನಿಜವಾದ ಇಂಗ್ಲಿಷ್ ಐವಿ. ಸಸ್ಯಶಾಸ್ತ್ರದವರ ಹೆಸರು ಹೆಡೆರಾ ಹೆಲಿಕ್ಸ್. ಯುರೋಪಿನ ಕಾಡಿನ ಬಳ್ಳಿ. ನರ್ಸರಿಗಳಲ್ಲಿ ಸಿಗೋ ಶೆಫ್ಲೆರಾ, ಅಂದ್ರೆ ಛತ್ರಿ ಹಾಗೆ ಎಲೆ ಬಿಡೋ ಗಿಡ, ಇದರ ಕುಟುಂಬಕ್ಕೇ ಸೇರಿದ್ದು. ನಮ್ಮ ದೇಶದ ಹಿಮಾಲಯದಲ್ಲೂ ಹೆಡೆರಾ ನೇಪಾಲೆನ್ಸಿಸ್ ಅನ್ನೋ ದಾಯಾದಿ ಬೆಳೆಯುತ್ತೆ. ಕೊಡಗಿನ ಕಾಡಿಗೆ ಮಾತ್ರ ಇದು ಹೊರಗಿನದ್ದೇ.

ಇಂಗ್ಲಿಷ್ ಐವಿಯಲ್ಲಿ ನೂರಾರು ತಳಿಗಳಿವೆ. ಎಲೆ ಮಧ್ಯ ಹಳದಿ ಇರೋದು, ಅಂಚು ಹಳದಿ ಇರೋದು, ಸೂಜಿಯಂತೆ ಸಣ್ಣ ಎಲೆದು, ಪೂರ್ತಿ ಕಡು ಹಸಿರಿನದ್ದು. ನಮ್ಮಲ್ಲಿ ಓಡಾಡ್ತಿರೋ ಬೂದು ಹಸಿರು, ಬಿಳಿ ಅಂಚಿನದು ಹೊರದೇಶದಲ್ಲಿ 'ಗ್ಲೇಸಿಯರ್' ಅನ್ನೋ ಹೆಸರಲ್ಲಿ ಪ್ರಸಿದ್ಧವಾದ ತಳಿಯನ್ನೇ ಹೋಲುತ್ತೆ. ನಮ್ಮ ನರ್ಸರಿಗಳಲ್ಲಿ ತಳಿ ಹೆಸರು ಬರೆದು ಮಾರೋ ರೂಢಿ ಕಮ್ಮಿ. ಹಾಗಾಗಿ ಹೆಸರು ಕೇಳೋದಕ್ಕಿಂತ ಎಲೆ ನೋಡಿ ತಗೊಳ್ಳೋದು ಮೇಲು. ಎಲೆ ಅಡಿಭಾಗ ತಿರುಗಿಸಿ ನೋಡಿ. ಸಣ್ಣ ಬಲೆ ಕಟ್ಟಿದ ಹಾಗೆ ಇದ್ರೆ, ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕಿ ಇದ್ರೆ ಆ ಕುಂಡ ಬೇಡ, ನುಸಿ ಹತ್ತಿರುತ್ತೆ.

ಕರಿಮೆಣಸು ಗೊತ್ತಿದ್ದವರಿಗೆ ಐವಿ ಅರ್ಥ ಆಗುತ್ತೆ

ಕೊಡಗಿನವರಿಗೆ ಈ ಬಳ್ಳಿ ಅರ್ಥ ಮಾಡಿಸೋದು ಸುಲಭ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹೇಗೆ ಹತ್ತುತ್ತೆ? ಅವರೆ, ಹಾಗಲದ ಹಾಗೆ ಸುತ್ತಿಕೊಂಡು ಅಲ್ಲ. ಗಿಣ್ಣು ಗಿಣ್ಣಿನಲ್ಲೂ ಸಣ್ಣ ಬೇರು ಬಿಟ್ಟು ತೊಗಟೆಗೆ ಅಂಟಿಕೊಂಡು ಮೇಲೆ ಹೋಗುತ್ತೆ. ಐವಿದೂ ಇದೇ ಕೆಲಸ. ಕಾಂಡದ ಒಂದು ಪಕ್ಕದಲ್ಲಿ ಬ್ರಷ್ಷಿನ ಹಾಗೆ ಸಾಲು ಸಾಲು ಅಂಟುಬೇರು ಬಿಡುತ್ತೆ.

ಈ ಬೇರುಗಳಿಂದ ಹಳದಿ ಬಣ್ಣದ ಒಂದು ಅಂಟು ಒಸರುತ್ತೆ ಅನ್ನೋದನ್ನ ಚಾರ್ಲ್ಸ್ ಡಾರ್ವಿನ್ 19ನೇ ಶತಮಾನದಲ್ಲೇ ಗಮನಿಸಿ ಬರೆದಿದ್ದ. ಆ ಅಂಟಿನೊಳಗೆ ಏನಿದೆ ಅನ್ನೋದು ಗೊತ್ತಾಗಿದ್ದು 2016ರಲ್ಲಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರ ತಂಡದಿಂದ. ಸಕ್ಕರೆ ಅಂಶ ಸೇರಿದ ಪ್ರೋಟೀನಿನ ಅತಿ ಸಣ್ಣ ಉಂಡೆಗಳು ಗೋಡೆಯ ಸಣ್ಣ ಸಣ್ಣ ರಂಧ್ರಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತವೆ. ಅಂದ್ರೆ ಒಮ್ಮೆ ಹಿಡೀತು ಅಂದ್ರೆ ಅದು ಫೆವಿಕಾಲ್ ಹಾಕಿದ ಲೆಕ್ಕ. ಕಿತ್ತರೆ ಬಣ್ಣ ಸಮೇತ ಬರುತ್ತೆ. ಈ ಮಾತನ್ನ ಬಾಡಿಗೆ ಅಂಗಡಿಯವರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಮೆಣಸಿನ ಇನ್ನೊಂದು ಗುಣವೂ ಐವಿಯಲ್ಲಿದೆ. ಮೆಣಸಿನ ಬುಡದಿಂದ ನೆಲಕ್ಕೆ ಹರಿಯೋ ಬಳ್ಳಿ ತುಂಡು ನೆಟ್ಟರೆ ಮರ ಹತ್ತುತ್ತೆ. ಪಕ್ಕದ ಕಾಯಿ ಬಿಡೋ ರೆಂಬೆ ನೆಟ್ಟರೆ ಹತ್ತಲ್ಲ, ಪೊದೆ ಆಗುತ್ತೆ. ಅದನ್ನೇ ನಾವು ಬುಷ್ ಪೆಪ್ಪರ್ ಅನ್ನೋದು. ಐವಿಗೂ ಹೀಗೇ ಎರಡು ಅವಸ್ಥೆ. ನೆಲದಲ್ಲಿ, ನೆರಳಲ್ಲಿ ಇರೋವಾಗ ಎಳೆ ಅವಸ್ಥೆ: ಮೂಲೆ ಮೂಲೆ ಇರೋ ಎಲೆ, ಅಂಟುಬೇರು, ಹರಿಯೋದೇ ಕೆಲಸ. ವರ್ಷಗಟ್ಟಲೆ ಬಿಟ್ಟು ಎತ್ತರಕ್ಕೆ, ಬಿಸಿಲಿಗೆ ತಲುಪಿತು ಅಂದ್ರೆ ಪ್ರಾಯಕ್ಕೆ ಬರುತ್ತೆ. ಆಗ ಎಲೆಯ ಮೂಲೆಗಳು ಮಾಯವಾಗಿ ಅರಳಿ ಎಲೆ ತರಹ ಆಗುತ್ತೆ, ಅಂಟುಬೇರು ನಿಲ್ಲುತ್ತೆ, ಪೊದೆ ಕಟ್ಟಿ ಹೂ ಬಿಟ್ಟು ಕಪ್ಪು ಹಣ್ಣು ಬಿಡುತ್ತೆ. ಹಣ್ಣನ್ನ ಹಕ್ಕಿ ತಿಂದು ಬೀಜ ಎಲ್ಲೆಂದರಲ್ಲಿ ಹಾಕುತ್ತೆ. ನಾವು ಬೆಳೆಸೋದಾದ್ರೆ ಎಳೆ ಅವಸ್ಥೆಯಲ್ಲೇ ಇಟ್ಟುಕೊಳ್ಳಬೇಕು, ಅಂದ್ರೆ ಎತ್ತರಕ್ಕೆ ಬಿಡಬಾರದು.

ಎಲ್ಲಾ ತಾಲ್ಲೂಕಿಗೂ ಆಗಲ್ಲ

ಐವಿ ತಂಪು ದೇಶದ್ದು. ಮಡಿಕೇರಿ, ಸೋಮವಾರಪೇಟೆಯ ಎತ್ತರದ ಭಾಗಗಳಲ್ಲಿ ವರ್ಷದ ಬಹುಪಾಲು ಅದಕ್ಕೆ ಒಗ್ಗುವ ಹವೆ ಇದೆ. ವಿರಾಜಪೇಟೆ, ಪೊನ್ನಂಪೇಟೆಯಲ್ಲಿ ಮರದ ನೆರಳಿದ್ರೆ ಬದುಕುತ್ತೆ. ಕುಶಾಲನಗರದಲ್ಲಿ ಮಾರ್ಚ್, ಏಪ್ರಿಲ್ ಬಿಸಿಲಿಗೆ ಗೋಡೆ ಮೇಲೆ ಹಾಕೋದು ಹಣ ಹಾಳು. ಸಿಮೆಂಟ್ ಗೋಡೆ ಕಾದ್ರೆ ಎಲೆ ಅಂಚಿಂದ ಸುಟ್ಟು ಬರುತ್ತೆ. ಅಲ್ಲಿಯವರು ಕುಂಡದಲ್ಲಿ, ಪೂರ್ವದ ಬೆಳಗಿನ ಬಿಸಿಲು ಮಾತ್ರ ಬೀಳೋ ಕಡೆ ಇಟ್ಟುಕೊಳ್ಳಬಹುದು. ಗೋಡೆಗೇ ಬೇಕು ಅಂದ್ರೆ ಫೈಕಸ್ ಪುಮಿಲಾ ಅನ್ನೋ ಸಣ್ಣ ಎಲೆಯ ಬಳ್ಳಿ ಬಿಸಿಲು ತಡೆಯುತ್ತೆ. ಆದರೆ ಅದು ಆಲ, ಅತ್ತಿಯ ಜಾತಿ ಅನ್ನೋದು ಮರೀಬೇಡಿ. ಕತ್ತರಿಸದೆ ಬಿಟ್ಟರೆ ಕೊಂಬೆ ದಪ್ಪ ಆಗಿ ಗೋಡೆಯಿಂದ ಮುಂದಕ್ಕೆ ಬರುತ್ತೆ.

ಬಿಳಿ ಅಂಚಿನ ತಳಿಗೆ ಬೆಳಕಿನ ಲೆಕ್ಕ ಬೇರೆ. ಎಲೆಯ ಬಿಳಿ ಜಾಗದಲ್ಲಿ ಪತ್ರಹರಿತ್ತು ಇಲ್ಲ, ಅಡುಗೆ ಮಾಡೋ ಶಕ್ತಿ ಇಲ್ಲ. ಇಬ್ಬರು ಕೂತು ತಿನ್ನೋ ಅಂಗಡಿಯಲ್ಲಿ ಒಬ್ಬ ದುಡಿದ ಹಾಗೆ, ಹಸಿರು ಭಾಗ ದುಡಿದು ಬಿಳಿ ಭಾಗವನ್ನೂ ಸಾಕಬೇಕು. ಅದಕ್ಕೇ ಇದು ಪೂರ್ತಿ ಹಸಿರು ಐವಿಗಿಂತ ನಿಧಾನ. ತೀರಾ ಕತ್ತಲಲ್ಲಿ ಇಟ್ಟರೆ ಹೊಸ ಎಲೆ ಪೂರ್ತಿ ಹಸಿರಾಗಿ ಬರೋಕೆ ಶುರು ಆಗುತ್ತೆ. ಹಾಗೆ ಬಂದ ಹಸಿರು ಕುಡಿ ಬಿಳಿ ಅಂಚಿನದ್ದಕ್ಕಿಂತ ಜೋರಾಗಿ ಬೆಳೆದು ಕೊನೆಗೆ ಎಲ್ಲವನ್ನೂ ಮುಚ್ಚುತ್ತೆ. ಕಂಡ ಕೂಡಲೆ ಬುಡದಿಂದ ಕತ್ತರಿಸಬೇಕು. ಮಧ್ಯಾಹ್ನದ ನೇರ ಬಿಸಿಲಿಗೆ ಇಟ್ಟರೆ ಬಿಳಿ ಭಾಗ ಮೊದಲು ಸುಡುತ್ತೆ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ನೆರಳು ಇರೋ ಜಾಗ ಸರಿಯಾದ ಜಾಗ. ಬೇಕರಿ ಓವನ್ ಪಕ್ಕ, ಹೋಟೆಲ್ ಒಲೆ ಇರೋ ಗೋಡೆ ಆಗಲ್ಲ.

ಯಾವಾಗ ನೆಡೋದು

ಇಲ್ಲಿ ಹೆಚ್ಚಿನವರು ತಪ್ಪು ಮಾಡ್ತಾರೆ. ಮಳೆಗಾಲ ಶುರುವಾಗ್ತಿದ್ದ ಹಾಗೆ ಜೂನ್‌ನಲ್ಲಿ ಎಲ್ಲಾ ಗಿಡ ನೆಡೋದು ನಮ್ಮ ಅಭ್ಯಾಸ. ಮೆಣಸಿಗೆ, ಕಾಫಿಗೆ ಅದು ಸರಿ. ಐವಿ ಮಾತ್ರ ಕೊಡಗಿನ ಜುಲೈ ಮಳೆಗೆ ನಿಲ್ಲಲ್ಲ. ಎಳೆ ಬೇರು ತಿಂಗಳುಗಟ್ಟಲೆ ನೀರಲ್ಲಿ ನೆಂದರೆ ಕೊಳೆಯುತ್ತೆ. ಮೆಣಸಿಗೆ ಸೊರಗು ರೋಗ ತರೋ ಜಾತಿಯ ಶಿಲೀಂಧ್ರಗಳೇ ಇದಕ್ಕೂ ಶತ್ರು.

ಮಳೆ ಕಮ್ಮಿಯಾಗೋ ಹೊತ್ತು ಒಳ್ಳೇದು. ಕೈಲ್‌ಪೊಳ್ದ್ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಕಡ್ಡಿ ಹಾಕಿದ್ರೆ ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತೆ. ಕಾವೇರಿ ಸಂಕ್ರಮಣ ಕಳೆದು ಅಕ್ಟೋಬರ್ ಕೊನೆಗೆ ಗೋಡೆ ಬುಡಕ್ಕೋ ನೆಲಕ್ಕೋ ನೆಟ್ಟರೆ ಚಳಿಗಾಲ ಪೂರ್ತಿ ಬೇರು ಇಳಿಸೋಕೆ ಸಮಯ ಸಿಗುತ್ತೆ. ಬೇಸಿಗೆ ಬರೋ ಹೊತ್ತಿಗೆ ಗಟ್ಟಿಯಾಗಿರುತ್ತೆ.

ಕಡ್ಡಿ ಮಾಡೋದು ಕಷ್ಟ ಇಲ್ಲ. ಗಟ್ಟಿಯಾದ, ಆದರೆ ಮರವಾಗದ ಬಳ್ಳಿಯಲ್ಲಿ ಮೂರು ನಾಲ್ಕು ಗಿಣ್ಣು ಇರೋ ತುಂಡು ಕತ್ತರಿಸಿ. ಕೆಳಗಿನ ಎರಡು ಎಲೆ ತೆಗೆದು ಆ ಗಿಣ್ಣು ಮಣ್ಣಿನೊಳಗೆ ಹೋಗೋ ಹಾಗೆ ಊರಿ. ಕಾಫಿ ನರ್ಸರಿಯ ಪಾಲಿಥಿನ್ ಚೀಲವೇ ಸಾಕು. ಕಾಡುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮ ಸಮ. ಕಾಫಿ ಸಿಪ್ಪೆ ಗೊಬ್ಬರ ಹಾಕೋದಾದ್ರೆ ಪೂರ್ತಿ ಕಳಿತಿರಬೇಕು, ಬಿಸಿ ಇರೋದು ಹಾಕಿದ್ರೆ ಕಡ್ಡಿ ಸುಡುತ್ತೆ. ಒಂದು ಚೀಲಕ್ಕೆ ಎರಡು ಕಡ್ಡಿ ಹಾಕಿ ನೆರಳಲ್ಲಿಡಿ, ಒಂದು ಹೋದ್ರೂ ಒಂದು ಉಳಿಯುತ್ತೆ.

ನಮ್ಮ ಮಣ್ಣು ಹುಳಿ ಮಣ್ಣು. ಕಾಫಿಗೆ ಸುಣ್ಣ ಹಾಕೋದು ಅದಕ್ಕೇ. ಐವಿಗೆ ಹುಳಿ ಇಷ್ಟ ಇಲ್ಲ, ಸಮ ಮಣ್ಣು ಅಥವಾ ಸ್ವಲ್ಪ ಸುಣ್ಣದ ಅಂಶ ಇರೋ ಮಣ್ಣು ಬೇಕು. ತೋಟಕ್ಕೆ ತಂದ ಕೃಷಿ ಸುಣ್ಣ ಉಳಿದಿದ್ರೆ ಗುಂಡಿಗೆ ಒಂದು ಹಿಡಿ ಹಾಕಿ ಮಣ್ಣಿಗೆ ಬೆರೆಸಿ, ಹದಿನೈದು ದಿನ ಬಿಟ್ಟು ನೆಡಿ.

ಗೋಡೆಗೆ ಹಬ್ಬಿಸೋದು

ಮೊದಲು ಗೋಡೆ ನೋಡಬೇಕು, ಆಮೇಲೆ ಬಳ್ಳಿ. ಇಂಗ್ಲೆಂಡಿನಲ್ಲಿ ಹಳೇ ಕಟ್ಟಡ ನೋಡಿಕೊಳ್ಳೋ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನ ಪರೀಕ್ಷೆ ಮಾಡಿದ್ದರು. ಗಟ್ಟಿ ಗೋಡೆಗೆ ಅಂಟುಬೇರಿನಿಂದ ಹಾನಿ ಇಲ್ಲ, ಬದಲಿಗೆ ಎಲೆ ಹೊದಿಕೆ ಗೋಡೆಯನ್ನ ಬಿಸಿ, ಚಳಿಯ ಏರಿಳಿತದಿಂದ ಕಾಪಾಡುತ್ತೆ ಅಂತ ಕಂಡುಬಂತು. ಆದರೆ ಬಿರುಕು ಇರೋ ಗೋಡೆಯಲ್ಲಿ ಬಳ್ಳಿ ಒಳಗೆ ಹೋಗಿ ನಿಜವಾದ ಬೇರು ಬಿಟ್ಟರೆ ಅದು ದಪ್ಪವಾಗಿ ಬಿರುಕನ್ನೇ ಅಗಲ ಮಾಡುತ್ತೆ.

ಅಲ್ಲಿಯ ಮಾತನ್ನ ಹಾಗೇ ಇಲ್ಲಿಗೆ ತರೋಕೆ ಆಗಲ್ಲ. ಅಲ್ಲಿ ಹಿಮ, ಇಲ್ಲಿ ನಾಲ್ಕು ತಿಂಗಳ ಜಡಿಮಳೆ. ನೈಋತ್ಯದಿಂದ ಹೊಡೆಯೋ ಮಳೆ ಗೋಡೆಗೆ ನೇರ ಬೀಳದ ಹಾಗೆ ಎಲೆ ತಡೆಯುತ್ತೆ ಅನ್ನೋದು ನಿಜ. ಆದರೆ ಒಮ್ಮೆ ಒದ್ದೆಯಾದ ಗೋಡೆಗೆ ಗಾಳಿ, ಬಿಸಿಲು ಸಿಗದೆ ಒಣಗೋದು ತಡ ಆಗುತ್ತೆ. ಒಳಗಡೆ ಪಾಚಿ ವಾಸನೆ ಶುರುವಾಗಿರೋ ಗೋಡೆಗೆ ಇದು ಬೇಡವೇ ಬೇಡ. ಮಣ್ಣಿನ ಗೋಡೆ, ಹಳೇ ಗಾರೆ ಉದುರುತ್ತಿರೋ ಗೋಡೆ, ಲೈನ್ ಮನೆಗಳ ಹಸಿ ಇಟ್ಟಿಗೆ ಗೋಡೆ ಇವಕ್ಕೂ ಬೇಡ. ಸಿಮೆಂಟ್ ಪ್ಲಾಸ್ಟರ್ ಗಟ್ಟಿ ಇರೋ ಕಾಂಪೌಂಡ್ ಗೋಡೆ, ಕಲ್ಲಿನ ತಡೆಗೋಡೆಗೆ ಹಬ್ಬಿಸಬಹುದು. ಇನ್ನೊಂದು ಮಾತು: ಐವಿ ಹಬ್ಬಿದ ಗೋಡೆಗೆ ಪೇಂಟ್ ಹೊಡೆಯೋಕೆ ಆಗಲ್ಲ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಅಂಗಡಿಗೆ ಬಣ್ಣ ಬಳಿಯೋ ಅಭ್ಯಾಸ ಇರೋರು ಯೋಚನೆ ಮಾಡಿ.

ನೆಡುವಾಗ ಗೋಡೆಗೆ ತಾಗಿಸಿ ನೆಡಬಾರದು. ಸೂರಿನ ಕೆಳಗೆ ಬುಡಕ್ಕೆ ಮಳೆನೀರು ಬೀಳಲ್ಲ, ಮಣ್ಣಲ್ಲಿ ಕಟ್ಟಡದ ಜಲ್ಲಿ, ಸಿಮೆಂಟ್ ಚೂರು ತುಂಬಿರುತ್ತೆ. ಒಂದಡಿ ಹೊರಗೆ ಗುಂಡಿ ತೆಗೆದು ಬಳ್ಳಿಯನ್ನ ಗೋಡೆ ಕಡೆಗೆ ವಾಲಿಸಿ ನೆಡಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ 10 ಅಡಿ ಅಗಲದ ಗೋಡೆಗೆ 7 ಗಿಡ ಸಾಕು. ಮೊದಲು ನೆಟ್ಟ ಹಳೇ ಬಳ್ಳಿ ಸಾಮಾನ್ಯವಾಗಿ ಗೋಡೆ ಹಿಡಿಯಲ್ಲ, ಹೊಸದಾಗಿ ಬರೋ ಕುಡಿ ಹಿಡಿಯುತ್ತೆ. ಅದಕ್ಕೆ ನೆಟ್ಟ ಬಳ್ಳಿಯನ್ನ ಅರ್ಧಕ್ಕೆ ಕತ್ತರಿಸಿ ಬಿಡೋದು ಒಳ್ಳೇದು. ಮೊದಲ ವರ್ಷ ಏನೂ ಬೆಳೆಯಲ್ಲ ಅನ್ನಿಸುತ್ತೆ. ಬೇಜಾರಾಗಿ ಕೀಳಬೇಡಿ, ಆಗ ಅದು ನೆಲದ ಕೆಳಗೆ ಬೇರಿನ ಕೆಲಸ ಮಾಡ್ತಿರುತ್ತೆ. ಓಟ ಕಾಣೋದು ಎರಡನೇ ವರ್ಷದ ಕೊನೆಗೆ, ಮೂರನೇ ವರ್ಷಕ್ಕೆ.

ಆ ಓಟ ಶುರುವಾದ ಮೇಲೆ ಕತ್ತರಿ ಕೆಳಗಿಡೋ ಹಾಗಿಲ್ಲ. ವರ್ಷಕ್ಕೆ ಎರಡು ಸಲವಾದ್ರೂ, ಮಳೆಗೆ ಮುಂಚೆ ಮೇನಲ್ಲಿ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಕತ್ತರಿಸಬೇಕು. ಮಂಗಳೂರು ಹೆಂಚಿನ ಸೂರಿಗೆ ಒಂದು ಮೊಳ ಮುಂಚೆಯೇ ನಿಲ್ಲಿಸಿ. ಹೆಂಚಿನ ಸಂದಿಗೆ ಕುಡಿ ಹೋದ್ರೆ ಒಳಗೆ ದಪ್ಪವಾಗಿ ಹೆಂಚನ್ನೇ ಎತ್ತುತ್ತೆ, ಮುಂದಿನ ಮಳೆಗೆ ಮನೆಯೊಳಗೆ ಬಕೆಟ್ ಇಡಬೇಕಾಗುತ್ತೆ. ನೀರು ಹೋಗೋ ದಂಬೆ, ಕಿಟಕಿ ಚೌಕಟ್ಟು, ಮೀಟರ್ ಬೋರ್ಡ್, ಸರ್ವಿಸ್ ವೈರ್ ಇವುಗಳ ಹತ್ತಿರ ಸುಳಿಯೋಕೂ ಬಿಡಬೇಡಿ.

ಬಾಡಿಗೆ ಅಂಗಡಿಯವರ ವಿಷಯ. ಅಂಟುಬೇರು ಬಿಟ್ಟ ಗುರುತು ವರ್ಷಗಟ್ಟಲೆ ಹೋಗಲ್ಲ. ಅಂಗಡಿ ಬಿಡೋ ದಿನ ಮಾಲೀಕರು ಅಡ್ವಾನ್ಸ್‌ನಲ್ಲಿ ಬಣ್ಣದ ಖರ್ಚು ಹಿಡಿದ್ರೆ ಮಾತಾಡೋಕೆ ಬಾಯಿ ಇರಲ್ಲ. ಪಕ್ಕದ ಅಂಗಡಿಯವರ ಗೋಡೆಗೆ ಹೋದ್ರೆ ಜಗಳ ಬೇರೆ. ಇದಕ್ಕೆ ಉಪಾಯ ಜಾಲರಿ. ಗೋಡೆಯಿಂದ ಮೂರು ನಾಲ್ಕು ಇಂಚು ಮುಂದಕ್ಕೆ ವೆಲ್ಡ್ ಮೆಶ್ ನಿಲ್ಲಿಸಿ, ಕೆಳಗೆ ಉದ್ದನೆ ಕುಂಡ ಇಟ್ಟು ಅದಕ್ಕೆ ಹಬ್ಬಿಸಬಹುದು. ಇದು ಸುತ್ತೋ ಬಳ್ಳಿ ಅಲ್ಲ, ಅಂಟೋ ಬಳ್ಳಿ. ಹಾಗಾಗಿ ತಂತಿಯನ್ನ ತಾನಾಗೇ ಹಿಡಿಯಲ್ಲ. ವಾರಕ್ಕೊಮ್ಮೆ ಕುಡಿಯನ್ನ ಜಾಲರಿ ಸಂದಿಯಲ್ಲಿ ಕೈಯಿಂದ ಹೆಣೆದು, ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ಬಿಳಿ ಅಂಚಿನ ತಳಿ ನಿಧಾನ ಆಗಿರೋದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಂಗಡಿ ಬಿಡುವಾಗ ಜಾಲರಿ ಸಮೇತ ಎತ್ತಿಕೊಂಡು ಹೋಗಬಹುದು.

ನೆಲಕ್ಕೆ ಹೊದಿಸೋದು, ಮತ್ತೆ ಬರೆಯ ವಿಷಯ

ಹಲಸು, ಮಾವಿನ ಮರದ ಕೆಳಗೆ ಹುಲ್ಲು ಬರಲ್ಲ. ಅಂಥ ಜಾಗದಲ್ಲಿ ಐವಿ ಚಾಪೆ ಹಾಸಿದ ಹಾಗೆ ಬರುತ್ತೆ. ಒಂದಡಿಗೊಂದು ನೆಟ್ಟರೆ 10 ಅಡಿ ಉದ್ದ, 10 ಅಡಿ ಅಗಲಕ್ಕೆ 100 ಗಿಡ ಬೇಕು, ಬೇಗ ಮುಚ್ಚುತ್ತೆ. ಒಂದೂವರೆ ಅಡಿಗೊಂದಾದ್ರೆ 45ರಷ್ಟು ಸಾಕು, ಆದರೆ ಮುಚ್ಚೋವರೆಗೂ ಕಳೆ ಕೀಳೋ ಕೆಲಸ ನಿಮ್ಮದು. ನೂರು ಗಿಡ ಕೊಳ್ಳೋದು ದುಂದು. ಒಂದು ತೂಗು ಕುಂಡದಿಂದ ಇಪ್ಪತ್ತು ಕಡ್ಡಿ ಬರುತ್ತೆ, ಒಂದು ವರ್ಷ ತಡ ಆದ್ರೂ ನೀವೇ ಮಾಡಿಕೊಳ್ಳಿ. ಬಳ್ಳಿ ಮರದ ಬುಡಕ್ಕೆ ಬಂದ ಕೂಡಲೆ ಕತ್ತರಿಸಬೇಕು, ಮೆಣಸು ಹಬ್ಬಿಸಿದ ಮರವಾದ್ರೆ ಇನ್ನೂ ಜಾಗ್ರತೆ.

ಸೋಮವಾರಪೇಟೆ, ಶನಿವಾರಸಂತೆ ಕಡೆಯವರು ನೆಲಕ್ಕೆ ಹಾಕೋ ಮುಂಚೆ ಎರಡು ಸಲ ಯೋಚಿಸಿ. ಆಫ್ರಿಕನ್ ದೈತ್ಯ ಬಸವನಹುಳು ಕಾಫಿ ತೋಟಕ್ಕೆ ನುಗ್ಗಿ ಮಾಡಿದ ಹಾನಿ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ತಂಪು, ಒದ್ದೆ, ನೆರಳು ಇರೋ ದಟ್ಟ ಹೊದಿಕೆ ಅದಕ್ಕೆ ಹಗಲು ಅಡಗೋಕೆ, ಮೊಟ್ಟೆ ಇಡೋಕೆ ಅರಮನೆ. ಹಾವಿಗೂ ಅಷ್ಟೇ. ಮಕ್ಕಳು ಆಡೋ ಅಂಗಳದ ಪಕ್ಕ, ಬಾಗಿಲ ಮೆಟ್ಟಿಲ ಪಕ್ಕ ನೆಲ ಹೊದಿಕೆ ಬೇಡ.

ಈಗ ಬರೆ. 2018ರ ಆಗಸ್ಟ್ ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡವೇ ಜಾರಿ ಬಂತು. ಮನೆಗೆ, ರಸ್ತೆಗೆ ಅಂತ ಇಳಿಜಾರನ್ನ ನೇರ ಕಡಿದಿದ್ದೂ ಒಂದು ಕಾರಣ ಅಂತ ಆಗ ಭೂವಿಜ್ಞಾನಿಗಳು ಹೇಳಿದ್ದರು. ಆಮೇಲಿಂದ ಮನೆ ಹಿಂದಿನ ಬರೆ ಅಂದ್ರೆ ಪ್ರತಿ ಮಳೆಗಾಲ ಎದೆ ಢವಢವ. ಅದಕ್ಕೆ ಏನಾದ್ರೂ ಹಸಿರು ಹಾಕಿ ಹಿಡಿಸಬೇಕು ಅನ್ನೋ ಆಸೆ ಸಹಜವೇ.

ಆದರೆ ಐವಿ ಆ ಕೆಲಸದ ಗಿಡ ಅಲ್ಲ. ಅದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತೆ. ಮಳೆ ಹನಿ ನೇರ ಬಿದ್ದು ಮಣ್ಣು ಕೊಚ್ಚಿ ಹೋಗೋದನ್ನ ಎಲೆ ತಡೆಯುತ್ತೆ, ಅಷ್ಟೇ. ಬರೆ ಕುಸಿಯೋದು ಮೇಲ್ಮಣ್ಣಿನಿಂದ ಅಲ್ಲ, ಆಳದಲ್ಲಿ ನೀರು ತುಂಬಿ ಮಣ್ಣಿನ ಭಾರ ಜಾಸ್ತಿಯಾಗಿ ಒಂದು ಪದರ ಇನ್ನೊಂದರ ಮೇಲೆ ಜಾರುವುದರಿಂದ. ಆ ಪದರದವರೆಗೆ ಐವಿ ಬೇರು ಹೋಗೋದೇ ಇಲ್ಲ. ಕುಸಿದ್ರೆ ಬಳ್ಳಿ ಸಮೇತ ಕುಸಿಯುತ್ತೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬರೆ ಕುಸಿಯೋ ಮುಂಚೆ ಎಷ್ಟೋ ಸಲ ನೆಲ ಮುನ್ಸೂಚನೆ ಕೊಡುತ್ತೆ. ಮೇಲೆ ಅರ್ಧಚಂದ್ರದ ಹಾಗೆ ಬಿರುಕು, ಬರೆಯ ಹೊಟ್ಟೆ ಉಬ್ಬೋದು, ಇಲ್ಲದ ಕಡೆ ಕೆಸರು ನೀರು ಒಸರೋದು. ಇವನ್ನ ಕಣ್ಣಿಂದ ನೋಡಿದ್ರೆ ಮನೆ ಬಿಟ್ಟು ಹೊರಡೋಕೆ ಸಮಯ ಸಿಗುತ್ತೆ. ಬರೆ ಪೂರ್ತಿ ಎಲೆ ಹೊದ್ದುಕೊಂಡು ಚಂದ ಕಾಣ್ತಿದ್ರೆ ಕೆಳಗಿನ ಬಿರುಕು ಯಾರಿಗೂ ಕಾಣಲ್ಲ. ನೋಡೋಕೆ ಗಟ್ಟಿ ಅನ್ನಿಸೋ ಬರೆ ಬರೀ ಮಣ್ಣಿನ ಬರೆಗಿಂತ ಅಪಾಯ.

ಬರೆಗೆ ಗಿಡವೇ ಬೇಕಂದ್ರೆ ಲಾವಂಚ ಇದೆ. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ, ಎರಡು ಮೂರು ಮೀಟರ್‌ವರೆಗೂ ಇಳಿಯುತ್ತೆ. ಇಳಿಜಾರಿಗೆ ಅಡ್ಡ ಸಾಲಾಗಿ ಹತ್ತಿರ ಹತ್ತಿರ ನೆಡಬೇಕು, ಬಿಸಿಲು ಬೀಳಬೇಕು. ಅದೂ ಸಣ್ಣ ಬರೆಗಷ್ಟೇ. ಮನೆ ಎತ್ತರದ ಬರೆ ಇದ್ರೆ ಮೇಲಿನ ನೀರು ಬರೆಯೊಳಗೆ ಇಳಿಯದ ಹಾಗೆ ಚರಂಡಿ ಮಾಡಿ, ಎಂಜಿನಿಯರ್ ಕರೆಸಿ ತೋರಿಸೋದೇ ದಾರಿ. ನರ್ಸರಿಯಲ್ಲಿ ಅದಕ್ಕೆ ಪರಿಹಾರ ಹುಡುಕಬಾರದು.

ವಿಷದ ಮಾತು

ಐವಿಯ ಎಲೆ, ಹಣ್ಣಿನಲ್ಲಿ ಸಪೋನಿನ್ ಅನ್ನೋ ಕಹಿ, ನೊರೆ ಬರಿಸೋ ಅಂಶ ಇದೆ. ನಾಯಿ ಅಗಿದ್ರೆ ಜೊಲ್ಲು, ವಾಂತಿ, ಭೇದಿ. ದನ, ಆಡಿಗೂ ಒಳ್ಳೇದಲ್ಲ. ಕತ್ತರಿಸಿದ ಬಳ್ಳಿಯನ್ನ ರಸ್ತೆ ಪಕ್ಕ ಹಾಕಿದ್ರೆ ಮೇಯೋಕೆ ಬಂದ ದನ ಹಸಿರು ಕಂಡು ಬಾಯಿ ಹಾಕುತ್ತೆ. ಬಳ್ಳಿಯ ರಸದಲ್ಲಿ ಕೆಲವರ ಚರ್ಮಕ್ಕೆ ಆಗದ ಅಂಶವೂ ಇದೆ, ಕೈ ಕೆಂಪಾಗಿ ಗುಳ್ಳೆ ಏಳಬಹುದು. ಕತ್ತರಿಸುವಾಗ ಗ್ಲೌಸ್, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಮೆಡಿಕಲ್ ಶಾಪ್‌ಗಳಲ್ಲಿ ಐವಿ ಎಲೆಯ ಸಾರ ಇರೋ ಕೆಮ್ಮಿನ ಸಿರಪ್ ಸಿಗುತ್ತೆ. ಬಾಟಲಿ ಮೇಲೆ ಇದೇ ಎಲೆಯ ಚಿತ್ರ ನೋಡಿ, ಮನೆಯಲ್ಲೇ ಇದೆಯಲ್ಲಾ ಅಂತ ಕಷಾಯ ಕುದಿಸೋ ಯೋಚನೆ ಯಾರಿಗಾದ್ರೂ ಬಂದ್ರೆ ಅಲ್ಲೇ ನಿಲ್ಲಿಸಿ. ಔಷಧಿಯಲ್ಲಿ ಸಾರ ತೆಗೆದು, ಅಳೆದು, ಸ್ವಲ್ಪವೇ ಸ್ವಲ್ಪ ಹಾಕಿರ್ತಾರೆ. ನಮ್ಮ ದೊಡ್ಡಪತ್ರೆ, ತುಳಸಿಯ ಹಾಗೆ ಹಿಡಿ ಎಲೆ ಕುದಿಸಿ ಮಕ್ಕಳಿಗೆ ಕುಡಿಸೋ ಗಿಡ ಅಲ್ಲ ಇದು.

ಕಾಡಿಗೆ ಹೋಗದ ಹಾಗೆ

ಅಲಂಕಾರಕ್ಕೆ ತಂದ ಗಿಡ ಕೈ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ನಾಗರಹೊಳೆ, ಬಂಡೀಪುರದ ಲಂಟಾನ ನೋಡಿದ್ರೆ ಸಾಕು. ಬ್ರಿಟಿಷರ ಕಾಲದಲ್ಲಿ ಹೂವಿಗೆ ಅಂತ ಬಂದಿದ್ದು ಅದು. ಹಳದಿ ಹೂ ಬಿಡೋ ವೆಡೇಲಿಯಾ ಅನ್ನೋ ನೆಲಹೊದಿಕೆ ಈಗ ರಸ್ತೆ ಪಕ್ಕ, ತೋಡಿನ ಪಕ್ಕ ತಾನಾಗೇ ಹರಡ್ತಿದೆ. ಐವಿ ಅಮೆರಿಕದ ಪಶ್ಚಿಮ ಕರಾವಳಿಯ ತಂಪು ಕಾಡಿಗೆ ನುಗ್ಗಿ ನೆಲದ ಸಸಿಗಳನ್ನ ಮುಚ್ಚಿ, ಮರ ಹತ್ತಿ ಭಾರಕ್ಕೆ ಬೀಳಿಸಿ ಎಷ್ಟು ಕಾಟ ಕೊಟ್ಟಿತು ಅಂದ್ರೆ, ಒರೆಗಾನ್ ರಾಜ್ಯದಲ್ಲಿ 2010ರಲ್ಲಿ ಇಂಗ್ಲಿಷ್ ಐವಿ ಮಾರೋದನ್ನೇ ನಿಷೇಧ ಮಾಡಿದ್ರು.

ತಂಪು, ಮಳೆ, ದಟ್ಟ ನೆರಳು ನಮ್ಮ ಕಾಡಲ್ಲೂ ಇದೆ. ದೇವರಕಾಡಿನ ಅಂಚಲ್ಲಿ, ತೋಡಿನ ದಡದಲ್ಲಿ, ಅರಣ್ಯಕ್ಕೆ ತಾಗಿದ ತೋಟದ ಬೇಲಿಯಲ್ಲಿ ಇದನ್ನ ನೆಲಕ್ಕೆ ನೆಡಲೇಬಾರದು. ಅಂಥ ಕಡೆ ನೆರಳಲ್ಲಿ ನೆಲ ಮುಚ್ಚಬೇಕು ಅಂದ್ರೆ ನಮ್ಮದೇ ಹಿಪ್ಪಲಿ ಇದೆ, ಮೆಣಸಿನ ತಂಗಿ, ನೆಲದಲ್ಲಿ ಚೆನ್ನಾಗಿ ಹರಿಯುತ್ತೆ. ತೇವ ಇರೋ ಕಡೆ ಒಂದೆಲಗ ಹಾಕಿದ್ರೆ ಚಟ್ನಿಗೂ ಆಗುತ್ತೆ.

ಕೀಟ, ನೀರು, ಕೊನೆಗೆ ಕೀಳೋದು

ನೀರು ಕೊಡೋಕೆ ದಿನ ಲೆಕ್ಕ ಬೇಡ. ಬೆರಳು ಒಂದು ಇಂಚು ಮಣ್ಣಿಗೆ ಹಾಕಿ, ಒಣಗಿದ್ರೆ ಕೊಡಿ. ಫೆಬ್ರವರಿಯಿಂದ ಹೂಮಳೆ ಬೀಳೋವರೆಗೂ ಗಮನ ಜಾಸ್ತಿ ಬೇಕು. ಒಣ ಹವೆಗೆ ಕೆಂಪು ನುಸಿ ಬರುತ್ತೆ, ಎಲೆ ಮಂಕಾಗಿ ಧೂಳು ಹಿಡಿದ ಹಾಗೆ ಕಾಣುತ್ತೆ. ವಾರಕ್ಕೆರಡು ಸಲ ಪೈಪಿನಿಂದ ಎಲೆ ಅಡಿಗೆ ಜೋರಾಗಿ ನೀರು ಹೊಡೆದ್ರೆ ಅರ್ಧ ಹೋಗುತ್ತೆ. ಉಳಿದಿದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊಡೆಯಿರಿ. ಇರುವೆ ಸಾಲು ಬಳ್ಳಿ ಮೇಲೆ ಓಡಾಡ್ತಿದ್ರೆ, ಕಾಫಿಯಲ್ಲಿ ಆಗೋ ಹಾಗೆ, ಎಲ್ಲೋ ಶಲ್ಕ ಕೀಟ ಕೂತಿದೆ ಅಂತ ಅರ್ಥ. ಮಳೆಗಾಲದಲ್ಲಿ ಎಲೆ ಮೇಲೆ ನೀರು ತುಂಬಿದ ಹಾಗಿನ ಕಂದು ಚುಕ್ಕಿ, ಸುತ್ತ ಹಳದಿ ಬಳೆ ಬಂದ್ರೆ ಬ್ಯಾಕ್ಟೀರಿಯಾ ರೋಗ. ಔಷಧಿ ಹುಡುಕೋದಕ್ಕಿಂತ ಆ ಎಲೆ ಕಿತ್ತು ತೆಗೆದು, ಕುಂಡವನ್ನ ಸೂರಿನ ಕೆಳಗೆ ಗಾಳಿಯಾಡೋ ಕಡೆ ಸರಿಸೋದು ಫಲ ಕೊಡುತ್ತೆ.

ಗೋಡೆಯಿಂದ ತೆಗೆಯೋ ದಿನ ಬಂದ್ರೆ ಹಸಿ ಬಳ್ಳಿ ಎಳೀಬೇಡಿ, ಪ್ಲಾಸ್ಟರ್ ಬರುತ್ತೆ. ಬುಡದಲ್ಲಿ ಕತ್ತರಿಸಿ, ಒಂದು ಗೇಣು ತುಂಡು ತೆಗೆದು ಬಿಟ್ಟುಬಿಡಿ. ಬೇಸಿಗೆಯಲ್ಲಿ ಕೆಲವು ವಾರದಲ್ಲಿ ಮೇಲಿನದು ಒಣಗಿ ಗರಿಗರಿ ಆಗುತ್ತೆ. ಆಗ ಮೇಲಿಂದ ಕೆಳಕ್ಕೆ ನಿಧಾನ ಬಿಡಿಸಿ. ಉಳಿದ ಬೇರಿನ ಗುರುತನ್ನ ತಂತಿ ಬ್ರಷ್ಷಿನಲ್ಲಿ ಉಜ್ಜಿದ ಮೇಲೇ ಪೇಂಟ್. ನೆಲದಲ್ಲಿರೋ ಬುಡ ಅಗೆದು ತೆಗೆಯದಿದ್ರೆ ಮತ್ತೆ ಚಿಗುರುತ್ತೆ. ಕಿತ್ತ ಹಸಿ ಬಳ್ಳಿಯನ್ನ ನೇರ ಗೊಬ್ಬರದ ಗುಂಡಿಗೆ ಹಾಕಬೇಡಿ, ಒಂದು ಗಿಣ್ಣು ಮಣ್ಣಿಗೆ ತಾಗಿದ್ರೂ ಬೇರು ಬಿಡುತ್ತೆ. ಕಾಫಿ ಒಣಗಿಸೋ ಕಣದ ಮೂಲೆಯಲ್ಲಿ ಬಿಸಿಲಿಗೆ ಹರಡಿ, ಮುರಿದ್ರೆ ಪುಡಿಯಾಗೋವರೆಗೂ ಒಣಗಿದ ಮೇಲೆ ಗುಂಡಿಗೆ ಹಾಕಬಹುದು.